ಅಪ್‌ಡೇಟ್ ಆದ ಮೇಲೆ ಎರಡೂ ಪರದೆ ಕಪ್ಪಾದರೆ

ಪ್ರಶ್ನೆ: ಗದಗಿನ ಒಂದು ಮುದ್ರಣಾಲಯದಲ್ಲಿ ಪುಟವಿನ್ಯಾಸ ಮಾಡುತ್ತೇನೆ. ಉಬುಂಟು (ಲಿನಕ್ಸ್) ಇರುವ ಲ್ಯಾಪ್‌ಟಾಪಿಗೆ ಯುಎಸ್‌ಬಿ-ಸಿ ಡಾಕ್ (ಒಂದೇ ಕೇಬಲ್‌ನಿಂದ ಹಲವು ಸಾಧನ ಜೋಡಿಸುವ ಪೆಟ್ಟಿಗೆ) ಮೂಲಕ ಎರಡು ಮಾನಿಟರ್ ಜೋಡಿಸಿಕೊಂಡು ಒಂದು ವರ್ಷದಿಂದ ಕೆಲಸ ಮಾಡುತ್ತಿದ್ದೆ. ಕಳೆದ ವಾರ ಅಪ್‌ಡೇಟ್ ಮಾಡಿದಾಗಿನಿಂದ ಎರಡೂ ಕಪ್ಪಾಗಿವೆ. ಅದೇ ಡಾಕ್‌ನ ಮೌಸ್, ಕೀಬೋರ್ಡ್ ಮಾತ್ರ ನಡೆಯುತ್ತವೆ. ಮಾನಿಟರನ್ನು ನೇರವಾಗಿ ಲ್ಯಾಪ್‌ಟಾಪಿನ ಎಚ್‌ಡಿಎಂಐಗೆ ಹಾಕಿದರೆ ಚಿತ್ರವೂ ಬರುತ್ತದೆ. ಹುಬ್ಬಳ್ಳಿಯ ಅಂಗಡಿಯವರು ಹೊಸ ಡಾಕ್ ಕೊಳ್ಳಿರಿ ಎನ್ನುತ್ತಾರೆ. ಕೊಳ್ಳಲೇಬೇಕೆ? ಮುಂದೆ 4ಕೆ ಮಾನಿಟರ್ ತರುವ ವಿಚಾರವೂ ಇದೆ.

ಉತ್ತರ: ಹೊಸ ಡಾಕ್‌ಗೆ ಈಗಲೇ ದುಡ್ಡು ಹಾಕಬೇಡಿರಿ. ಮೌಸ್, ಕೀಬೋರ್ಡ್ ನಡೆಯುತ್ತಿವೆ ಎಂದರೆ ಡಾಕ್‌ಗೂ ಕೇಬಲ್‌ಗೂ ಜೀವವಿದೆ. ನೇರ ಜೋಡಿಸಿದಾಗ ಚಿತ್ರ ಬರುವುದರಿಂದ ಮಾನಿಟರ್‌ಗಳೂ ಸರಿಯಾಗಿವೆ. ಅಪ್‌ಡೇಟ್ ಆದ ದಿನವೇ ತೊಂದರೆ ಹುಟ್ಟಿರುವಾಗ ಮೊದಲು ಅನುಮಾನಿಸಬೇಕಾದದ್ದು ತಂತ್ರಾಂಶವನ್ನು.

ಡಾಕ್‌ನಿಂದ ಪರದೆಗೆ ಚಿತ್ರ ಹೋಗುವ ದಾರಿ ಎಲ್ಲ ಡಾಕ್‌ಗಳಲ್ಲೂ ಒಂದೇ ಅಲ್ಲ. ಕೆಲವು ಡಾಕ್‌ಗಳು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್‌ನಿಂದ ಬರುವ ಡಿಸ್‌ಪ್ಲೇಪೋರ್ಟ್ ಸಂಕೇತವನ್ನು ಹಾಗೆಯೇ ದಾಟಿಸುತ್ತವೆ. ಇದನ್ನು ಆಲ್ಟ್ ಮೋಡ್ ಎನ್ನುತ್ತಾರೆ. ಇನ್ನು ಕೆಲವು ಡಾಕ್‌ಗಳಲ್ಲಿ ಡಿಸ್‌ಪ್ಲೇಲಿಂಕ್ ಚಿಪ್ ಇರುತ್ತದೆ. ಲ್ಯಾಪ್‌ಟಾಪ್ ಚಿತ್ರವನ್ನು ಕುಗ್ಗಿಸಿ ಸಾಮಾನ್ಯ ಯುಎಸ್‌ಬಿ ದತ್ತಾಂಶವಾಗಿ ಕಳಿಸುತ್ತದೆ, ಚಿಪ್ ಅದನ್ನು ಬಿಡಿಸಿ ಮಾನಿಟರ್‌ಗೆ ಕೊಡುತ್ತದೆ. ಈ ಎರಡನೆಯ ಬಗೆಯ ಡಾಕ್‌ಗೆ ಇವಿಡಿಐ (evdi) ಎಂಬ ಕರ್ನಲ್ ಮಾಡ್ಯೂಲ್, ಅಂದರೆ ಉಬುಂಟುವಿನ ತಿರುಳಾದ ಕರ್ನಲ್‌ಗೆ ಸೇರಿಕೊಳ್ಳುವ ತಂತ್ರಾಂಶದ ತುಣುಕು, ಬೇಕು. ಕರ್ನಲ್ ಬದಲಾದಾಗಲೆಲ್ಲ ಆ ಮಾಡ್ಯೂಲ್ ಹೊಸದಾಗಿ ಸಿದ್ಧವಾಗಬೇಕು. ಆಗದಿದ್ದರೆ ಉಳಿದೆಲ್ಲವೂ ನಡೆದು ಪರದೆಗಳು ಮಾತ್ರ ಕಪ್ಪಾಗುತ್ತವೆ. ನಿಮ್ಮ ಲಕ್ಷಣಗಳು ಇದಕ್ಕೇ ಹೊಂದುತ್ತವೆ.

ಖಚಿತಪಡಿಸಿಕೊಳ್ಳಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಆದೇಶ ಕೊಟ್ಟು, ಯುಎಸ್‌ಬಿ ಸಾಧನಗಳ ಪಟ್ಟಿಯಲ್ಲಿ 17ಇ9 (17e9) ಎಂದು ಆರಂಭವಾಗುವ ಗುರುತುಸಂಖ್ಯೆ ಇದೆಯೇ ನೋಡಿರಿ. ಅದು ಡಿಸ್‌ಪ್ಲೇಲಿಂಕ್‌ನ ಗುರುತು. ಇದ್ದರೆ ಲ್ಯಾಪ್‌ಟಾಪ್ ಮತ್ತೆ ಆರಂಭಿಸಿ, ಉಬುಂಟು ಏಳುವ ಮೊದಲು ಬರುವ ಗ್ರಬ್ ಮೆನುವಿನ ಹೆಚ್ಚುವರಿ ಆಯ್ಕೆಗಳಲ್ಲಿ (Advanced options) ಹಿಂದಿನ ಕರ್ನಲ್ ಆರಿಸಿರಿ. ಪರದೆಗಳು ಬೆಳಗಿದರೆ ರೋಗ ಸಿಕ್ಕಿತು, ಆ ದಿನದ ಕೆಲಸವೂ ನಿಲ್ಲುವುದಿಲ್ಲ.

ಅನಂತರ ಹೊಸ ಕರ್ನಲ್‌ನಲ್ಲಿ ಡಿಕೆಎಂಎಸ್ ಸ್ಟೇಟಸ್ (dkms status) ಆದೇಶ ಕೊಡಿರಿ; ಯಾವ ಕರ್ನಲ್‌ಗೆ ಯಾವ ಮಾಡ್ಯೂಲ್ ಸಿದ್ಧವಾಗಿದೆ ಎಂಬುದನ್ನು ಅದು ತೋರಿಸುತ್ತದೆ. ಹೊಸ ಕರ್ನಲ್‌ನ ಎದುರಿಗೆ ಇವಿಡಿಐ ಕಾಣದಿದ್ದರೆ, ಒಂದೋ ಮಾಡ್ಯೂಲ್ ಸಿದ್ಧಪಡಿಸಲು ಬೇಕಾದ ಆ ಕರ್ನಲ್‌ನ ಹೆಡರ್ ಕಡತಗಳು ಇಲ್ಲ, ಇಲ್ಲವೇ ನಿಮ್ಮ ಡ್ರೈವರ್ ಹಳೆಯದಾಗಿ ಹೊಸ ಕರ್ನಲ್‌ಗೆ ಹೊಂದುತ್ತಿಲ್ಲ. ಹೆಡರ್‌ಗಳನ್ನು ಹಾಕಿಕೊಂಡು, ಡಿಸ್‌ಪ್ಲೇಲಿಂಕ್‌ನ ಒಡೆತನವಿರುವ ಸಿನಾಪ್ಟಿಕ್ಸ್ ಕಂಪನಿಯು ಉಬುಂಟುವಿಗೆಂದು ಕೊಡುವ ಹೊಸ ಡ್ರೈವರನ್ನು ಇನ್‌ಸ್ಟಾಲ್ ಮಾಡಿರಿ. ಇವಿಡಿಐ ಇದ್ದೂ ಲೋಡ್ ಆಗದಿದ್ದರೆ ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್ ಅದನ್ನು ತಡೆಯುತ್ತಿರಬಹುದು. ಆಗ ಮಾಡ್ಯೂಲಿನ ಸಹಿಯ ಕೀಲಿಯನ್ನು ಮೋಕ್‌ಯುಟಿಲ್ (mokutil) ಆದೇಶದ ಮೂಲಕ ನೋಂದಣಿಗೆ ಕೊಟ್ಟು, ಮತ್ತೆ ಆರಂಭಿಸಿದಾಗ ಬರುವ ನೀಲಿ ಪರದೆಯಲ್ಲಿ ಎನ್‌ರೋಲ್ ಮೋಕ್ (Enroll MOK) ಆರಿಸಬೇಕು. ಆ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಏನೋ ದೋಷ ಬಂತೆಂದು ಗಾಬರಿಯಾಗಿ ಮುಂದೆ ಹೋದರೆ ಕೀಲಿ ನೋಂದಣಿಯಾಗದೆ ಉಳಿಯುತ್ತದೆ. ಇಲ್ಲಿ ಎಡವುವವರು ಬಹಳ, ಆದ್ದರಿಂದ ಕಂಪ್ಯೂಟರ್ ಮುಂದೆಯೇ ಕುಳಿತಿರಿ.

17ಇ9 ಕಾಣದಿದ್ದರೆ ನಿಮ್ಮದು ಬಹುಶಃ ಆಲ್ಟ್ ಮೋಡ್ ಡಾಕ್ ಅಥವಾ ಥಂಡರ್‌ಬೋಲ್ಟ್ (ಅದೇ ಆಕಾರದ ಪೋರ್ಟ್‌ನಲ್ಲಿ ನಡೆಯುವ ಇನ್ನೊಂದು ವೇಗದ ಸಂಪರ್ಕ) ಡಾಕ್. ಅದರ ಅಡಾಪ್ಟರನ್ನು ಗೋಡೆಯ ಸಾಕೆಟ್‌ನಿಂದಲೇ ಕಿತ್ತು ಅರ್ಧ ನಿಮಿಷ ಬಿಟ್ಟು ಹಾಕಿರಿ. ಕರೆಂಟು ಹೋಗಿ ಬಂದಾಗ ಸಿಕ್ಕಿಬಿದ್ದ ಡಾಕ್ ಇಷ್ಟರಿಂದಲೇ ಸರಿಹೋಗುವುದುಂಟು. ಹಳೆಯ ಕರ್ನಲ್‌ನ ಪರೀಕ್ಷೆ ಇಲ್ಲಿಯೂ ಸಲ್ಲುತ್ತದೆ. ಥಂಡರ್‌ಬೋಲ್ಟ್ ಆದರೆ ಡಾಕ್‌ಗೆ ಅನುಮತಿ ಇದೆಯೇ ಎಂಬುದನ್ನು ಬೋಲ್ಟ್‌ಸಿಟಿಎಲ್ (boltctl) ಆದೇಶ ತೋರಿಸುತ್ತದೆ.

ಇನ್ನು 4ಕೆ ಮಾನಿಟರ್. ಸೆಕೆಂಡಿಗೆ 60 ಚಿತ್ರಗಳಂತೆ ಅದಕ್ಕೆ ಪ್ರತಿ ಸೆಕೆಂಡಿಗೆ ಸುಮಾರು 12.5 ಗಿಗಾಬಿಟ್ ದತ್ತಾಂಶ ಹರಿಯಬೇಕು. ಆಲ್ಟ್ ಮೋಡ್ ಡಾಕ್ ಡಿಸ್‌ಪ್ಲೇಪೋರ್ಟ್ 1.2ರದ್ದಾಗಿದ್ದು, ದತ್ತಾಂಶ ಹರಿಯುವ ನಾಲ್ಕು ಲೇನ್‌ಗಳಲ್ಲಿ ಎರಡನ್ನು ಯುಎಸ್‌ಬಿಗೆ ಬಿಟ್ಟುಕೊಟ್ಟರೆ ಚಿತ್ರಕ್ಕೆ ಉಳಿಯುವುದು ಸುಮಾರು 8.6 ಗಿಗಾಬಿಟ್; ಆಗ 4ಕೆ ಸೆಕೆಂಡಿಗೆ 30 ಚಿತ್ರಗಳಿಗೇ ನಿಂತು, ಮೌಸಿನ ಬಾಣವೇ ತಡವರಿಸುತ್ತದೆ. ಡಿಸ್‌ಪ್ಲೇಲಿಂಕ್‌ನಲ್ಲಿ ಚಿತ್ರ ಕುಗ್ಗಿ ಬರುವುದರಿಂದ ಬಣ್ಣ ನೋಡಿ ಒಪ್ಪಿಗೆ ಕೊಡುವ ಪರದೆಯನ್ನು ಅದರ ಮೇಲೆ ನಡೆಸುವುದನ್ನು ನಾನು ಒಪ್ಪಲಾರೆ. ಲ್ಯಾಪ್‌ಟಾಪಿನ ಎಚ್‌ಡಿಎಂಐ 2.0 ಆಗಿದ್ದರೆ 4ಕೆ ಮಾನಿಟರನ್ನು ನೇರವಾಗಿ ಅದಕ್ಕೇ ಜೋಡಿಸಿ, ಹಳೆಯ ಮಾನಿಟರನ್ನು ಡಾಕ್‌ನಲ್ಲಿ ಉಳಿಸಿಕೊಳ್ಳಿರಿ; 1.4 ಆಗಿದ್ದರೆ ಅಲ್ಲಿಯೂ 30ರ ಮಿತಿಯೇ ಇರುವುದರಿಂದ, ಮಾನಿಟರ್ ಕೊಳ್ಳುವ ಮೊದಲು ಲ್ಯಾಪ್‌ಟಾಪಿನ ವಿವರಪಟ್ಟಿ ನೋಡಿಕೊಳ್ಳಿರಿ.