ಕೈಯಲ್ಲಿ ಮಾಡಿದ ಗಿಟಾರ್, ಮ್ಯಾಂಡೊಲಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಒಬ್ಬರೇ ಕೂತು ಒಂದೊಂದಾಗಿ ಮಾಡಿದ ವಾದ್ಯವನ್ನು ಹೇಗೆ ಆರಿಸುವುದು, ತಂದಮೇಲೆ ಹೇಗೆ ಇಟ್ಟುಕೊಳ್ಳುವುದು ಅಂತ. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ತುಂಬಾ ವರ್ಷದಿಂದ ಫ್ಯಾಕ್ಟರಿ ಗಿಟಾರ್ ನುಡಿಸುತ್ತಿದ್ದೇನೆ. ಕೈಯಲ್ಲಿ ಮಾಡಿದ್ದು ತಗೊಂಡರೆ ನಿಜವಾಗಿಯೂ ವ್ಯತ್ಯಾಸ ಗೊತ್ತಾಗುತ್ತಾ? ಇಲ್ಲ ಸುಮ್ನೆ ಹೆಸರಿಗೆ ದುಡ್ಡು ಕೊಟ್ಟ ಹಾಗಾ?

ಒಳ್ಳೆಯವರು ಮಾಡಿದ್ದಾದರೆ ಖಂಡಿತ ಗೊತ್ತಾಗುತ್ತದೆ. ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ ಅಂತ ತಿಳಿದಿದ್ದರೆ ಆರಿಸುವುದೂ ಸುಲಭ. ಅದು ಬರುವುದು ಮುಖ್ಯವಾಗಿ ಮೇಲಿನ ಹಲಗೆಯಿಂದ, ಅಂದರೆ ಟಾಪ್‌ನಿಂದ. ಒಂದೇ ಮರದಿಂದ ಸೀಳಿದ ಎರಡು ಹಲಗೆಗಳು ಕೂಡ ತೂಕದಲ್ಲಿ, ಬಿಗಿತದಲ್ಲಿ ಒಂದೇ ಥರ ಇರುವುದಿಲ್ಲ. ಫ್ಯಾಕ್ಟರಿಯಲ್ಲಿ ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ದಪ್ಪಕ್ಕೆ ಇಳಿಸುತ್ತಾರೆ, ಅದೂ ಸ್ವಲ್ಪ ದಪ್ಪವಾಗಿಯೇ, ಯಾಕೆಂದರೆ ಅಲ್ಲಿ ಬರುವ ಅತಿ ಮೆತ್ತನೆಯ ಹಲಗೆಯೂ ತಂತಿಗಳ ಎಳೆತಕ್ಕೆ ಬಾಗಬಾರದು. ಲೈಟ್ ಗೇಜ್, ಅಂದರೆ ತೆಳು ಗಾತ್ರದ ಸ್ಟೀಲ್ ತಂತಿಗಳ ಒಂದು ಸೆಟ್ ಸುಮಾರು 70 ಕೆ.ಜಿ.ಯಷ್ಟು ಎಳೆಯುತ್ತದೆ. ಅದನ್ನು ತಡೆದುಕೊಂಡು ಅದೇ ಹೊತ್ತಿಗೆ ಕಂಪಿಸಬೇಕಾದ್ದು ಸುಮಾರು 3 ಮಿ.ಮೀ. ದಪ್ಪದ ಒಂದು ಹಲಗೆ.

ಒಬ್ಬರೇ ಮಾಡುವ ಒಳ್ಳೆಯ ಕುಶಲಕರ್ಮಿ ಆ ಹಲಗೆಯನ್ನು ಕೈಯಲ್ಲಿ ಬಾಗಿಸಿ ನೋಡುತ್ತಾರೆ, ಬೆರಳಿಂದ ತಟ್ಟಿ ಕೇಳುತ್ತಾರೆ, ಆ ಹಲಗೆಗೆ ಎಷ್ಟು ಸಾಕೋ ಅಷ್ಟೇ ತೆಳು ಮಾಡುತ್ತಾರೆ. ಒಳಗಿನ ಪಟ್ಟಿಗಳನ್ನು, ಅಂದರೆ ಬ್ರೇಸಿಂಗ್ ಅನ್ನು ಕೂಡ ಹಾಗೆಯೇ ಕೆತ್ತುತ್ತಾರೆ. ದನಿ ಹುಟ್ಟುವುದು ಮೊದಲು ಟಾಪ್‌ನಲ್ಲಿ ಅನ್ನುವುದನ್ನು ತೋರಿಸಲಿಕ್ಕೇ ಸ್ಪೇನಿನ ಆಂಟೊನಿಯೊ ಡಿ ಟೊರೆಸ್ 1862ರಲ್ಲಿ ಒಂದು ಗಿಟಾರ್ ಮಾಡಿದರು. ಅದರ ಬದಿ ಮತ್ತು ಹಿಂಭಾಗ ರಟ್ಟಿನದು, ಟಾಪ್ ಮಾತ್ರ ಮರದ್ದು! ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಅದು ಇವತ್ತಿಗೂ ಇದೆ.

ಹಾಗಂತ ಫ್ಯಾಕ್ಟರಿ ಗಿಟಾರ್ ಎಲ್ಲ ಕೆಟ್ಟದ್ದಲ್ಲ, ಈಗಂತೂ ಒಳ್ಳೆಯವು ಬೇಕಾದಷ್ಟಿವೆ. ಕೈಯಿಂದ ಮಾಡುವವರಲ್ಲೂ ಎಷ್ಟೋ ಜನ ಕಂಪ್ಯೂಟರ್ ಯಂತ್ರದಲ್ಲಿ ಕೆಲವು ಭಾಗ ಕತ್ತರಿಸುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಯಂತ್ರ ಬಳಸುತ್ತೀರಾ ಅಂತ ಕೇಳಬೇಡಿ. ಟಾಪ್ ಎಷ್ಟು ತೆಳು ಇರಬೇಕು ಅಂತ ಹೇಗೆ ತೀರ್ಮಾನಿಸುತ್ತೀರಿ ಅಂತ ಕೇಳಿ. ಕಸುಬು ಗೊತ್ತಿರುವವರು ಆ ಪ್ರಶ್ನೆಗೆ ಖುಷಿಯಿಂದ ಅರ್ಧ ಗಂಟೆ ಮಾತಾಡುತ್ತಾರೆ.

ಪ್ರಶ್ನೆ: ಮರದ ಹೆಸರುಗಳನ್ನು ಓದಿ ಓದಿ ತಲೆ ಕೆಟ್ಟಿದೆ. ಸ್ಪ್ರೂಸ್, ಸೀಡರ್, ರೋಸ್‌ವುಡ್, ಮಹಾಗನಿ... ಹಿಂಭಾಗ ಬ್ರೆಜಿಲಿಯನ್ ರೋಸ್‌ವುಡ್ ಆಗಿದ್ದರೇ ದನಿ ಚೆನ್ನ ಅಂತ ಗೆಳೆಯರೊಬ್ಬರು ಹಟ ಹಿಡಿದಿದ್ದಾರೆ.

ನಿಮ್ಮ ಗೆಳೆಯರಿಗೆ ಈ ವಿಷಯ ಹೇಳಿ. 2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬರೇ ತಯಾರಕರು ಮಾಡಿದ 6 ಗಿಟಾರ್. ಎಲ್ಲದರ ವಿನ್ಯಾಸ ಒಂದೇ, ಹಿಂಭಾಗ ಮತ್ತು ಬದಿಯ ಮರ ಮಾತ್ರ ಬೇರೆ ಬೇರೆ. ಮಂದ ಬೆಳಕಿನಲ್ಲಿ, ವೆಲ್ಡಿಂಗ್ ಕನ್ನಡಕ ಹಾಕಿಕೊಂಡು, ಮರ ಯಾವುದೆಂದು ಕಾಣದ ಹಾಗೆ 52 ಗಿಟಾರ್ ವಾದಕರು ಅವನ್ನು ನುಡಿಸಿದರು. ದನಿಗೆ ಅವರು ಕೊಟ್ಟ ಅಂಕಗಳಲ್ಲಿ ಹೆಚ್ಚೇನೂ ವ್ಯತ್ಯಾಸ ಇರಲಿಲ್ಲ, ದುಬಾರಿ ಬ್ರೆಜಿಲಿಯನ್ ರೋಸ್‌ವುಡ್ಡಿಗೂ ಅಗ್ಗದ ಮರಕ್ಕೂ ಹೆಚ್ಚುಕಡಿಮೆ ಅಷ್ಟೇ ಅಂಕ. ಅದೂ ಅಲ್ಲದೆ ಆ ಮರ 1992ರಿಂದ ಸೈಟಿಸ್ (ಅಳಿವಿನ ಭಯವಿರುವ ಸಸ್ಯ, ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಸರಿಯಾದ ಕಾಗದಪತ್ರ ಇಲ್ಲದೆ ಅದರ ವಾದ್ಯವನ್ನು ಮಾರಲಿಕ್ಕೆ ಗಡಿ ದಾಟಿಸುವ ಹಾಗಿಲ್ಲ. ನೋಡಲಿಕ್ಕೆ ಬಲು ಚೆಂದ, ನಿಜ. ಆದರೆ ಅಳಿವಿನ ಅಂಚಿನ ಮರವನ್ನು ಬರೀ ಹೆಸರಿಗಾಗಿ ಬಯಸುವುದು ನನಗೆ ಒಪ್ಪಿಗೆಯಿಲ್ಲ.

ನೀವು ಯೋಚಿಸಬೇಕಾದ್ದು ಟಾಪ್ ಬಗ್ಗೆ. ಅದು ಒಂದೇ ಘನ ಮರದ್ದಾಗಿರಲಿ, ಪದರ ಅಂಟಿಸಿದ ಪ್ಲೈ ಬೇಡ. ಬೆರಳಿಂದ ಮೆತ್ತಗೆ ನುಡಿಸುವವರಿಗೆ ಸೀಡರ್ ಇಷ್ಟವಾಗುತ್ತದೆ, ಸಣ್ಣ ಸ್ಪರ್ಶಕ್ಕೇ ತೆರೆದುಕೊಳ್ಳುತ್ತದೆ. ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಹಿಡಿದು ಜೋರಾಗಿ ಬಾರಿಸುವವರಿಗೆ ಸ್ಪ್ರೂಸ್ ಸರಿ, ಎಷ್ಟು ಒತ್ತಿದರೂ ದನಿ ಕಲಸಿಹೋಗುವುದಿಲ್ಲ. ಹಿಂಭಾಗದ ಮರ? ಕಣ್ಣಿಗೆ ಹಿಡಿಸಿದ್ದು ತಗೊಳ್ಳಿ.

ಪ್ರಶ್ನೆ: ಮ್ಯಾಂಡೊಲಿನ್‌ನಲ್ಲಿ ಎ ಸ್ಟೈಲ್ ತಗೊಳ್ಳಲಾ, ಎಫ್ ಸ್ಟೈಲಾ? ಎಫ್ ತುಂಬಾ ದುಬಾರಿ.

ಎ ಸ್ಟೈಲ್ ಅಂದರೆ ಸಾದಾ ಹನಿಯಾಕಾರದ ಬಾಡಿ. ಎಫ್‌ನಲ್ಲಿ ಮೇಲೆ ಒಂದು ಸುರುಳಿ ಇರುತ್ತದೆ, ಬದಿಯಲ್ಲಿ ಚೂಪಾದ ಮೂಲೆಗಳು. ಅದನ್ನು ಕೆತ್ತಿ, ಬಾಗಿಸಿ, ಅಂಚಿಗೆ ಬೈಂಡಿಂಗ್ ಪಟ್ಟಿ ಕೂರಿಸುವುದು ಬಹಳ ಕಷ್ಟದ, ದಿನಗಟ್ಟಲೆ ಹಿಡಿಯುವ ಕೆಲಸ. ನೀವು ಜಾಸ್ತಿ ಕೊಡುವ ಹಣ ಹೆಚ್ಚಾಗಿ ಆ ಕೆಲಸಕ್ಕೆ. ಅದೇ ತಯಾರಕರು ಅದೇ ಮರದಲ್ಲಿ ಮಾಡಿದ ಎ ಸ್ಟೈಲ್ ಎದುರಿಗಿದ್ದರೆ, ಕಣ್ಣು ಮುಚ್ಚಿ ಕೇಳಿದಾಗ ಸುರುಳಿ ಇದೆಯೋ ಇಲ್ಲವೋ ಅಂತ ಹೇಳುವುದು ಕಷ್ಟ.

ಸ್ಟೈಲ್ ಯಾವುದೇ ಇರಲಿ, ಕಿವಿಗೆ ಗೊತ್ತಾಗುವುದು ದನಿರಂಧ್ರ. ಮೊಟ್ಟೆಯಾಕಾರದ ಒಂದೇ ರಂಧ್ರ ಇದ್ದರೆ ದನಿ ದುಂಡಗೆ, ಸ್ವಲ್ಪ ಹೊತ್ತು ನಿಲ್ಲುತ್ತದೆ. ಪಿಟೀಲಿನ ಹಾಗೆ ಎರಡು ಎಫ್ ರಂಧ್ರ (ಇಂಗ್ಲಿಷಿನ f ಅಕ್ಷರದ ಆಕಾರದವು) ಇದ್ದರೆ ದನಿ ಚುರುಕು, ನಾಲ್ಕು ವಾದ್ಯಗಳ ನಡುವೆಯೂ ಸೀಳಿಕೊಂಡು ಬರುತ್ತದೆ. ಆರ್ವಿಲ್ ಗಿಬ್ಸನ್ 1890ರ ದಶಕದಲ್ಲಿ ಪಿಟೀಲಿನಂತೆ ಕೆತ್ತಿದ ಉಬ್ಬು ಟಾಪ್ ಇರುವ ಮ್ಯಾಂಡೊಲಿನ್ ಮಾಡತೊಡಗಿದರು. ಅವರ ಹೆಸರಿನ ಕಂಪನಿಯಲ್ಲಿ ಲಾಯ್ಡ್ ಲೋರ್ 1922ರಲ್ಲಿ ಎಫ್-5 ಎಂಬ ಎಫ್ ಸ್ಟೈಲ್ ಮಾದರಿಯನ್ನು ಎಫ್ ರಂಧ್ರಗಳೊಂದಿಗೆ ತಂದರು. 1924ರ ತನಕ ಅವರ ಸಹಿ ಬಿದ್ದ ವಾದ್ಯಗಳು ಇವತ್ತಿಗೂ ಮ್ಯಾಂಡೊಲಿನ್ ಮಾಡುವವರಿಗೆ ಅಳತೆಗೋಲು. ಬ್ಲೂಗ್ರಾಸ್ (ಅಮೆರಿಕದ ಒಂದು ಗ್ರಾಮೀಣ ಸಂಗೀತ ಶೈಲಿ) ಹಾಡಿನ ಬಿಲ್ ಮನ್ರೋ ಕೈಯಲ್ಲಿದ್ದದ್ದು 1923ರ ಅಂಥದೇ ಒಂದು ವಾದ್ಯ. ಎಫ್ ಸ್ಟೈಲಿಗೆ ಇಷ್ಟು ಬೇಡಿಕೆ ಬಂದದ್ದು ಬಹುಮಟ್ಟಿಗೆ ಅದರಿಂದ. ಒಬ್ಬರೇ ಕೂತು ನಿಧಾನದ ರಾಗ ನುಡಿಸುವವರಿಗೆ ಮೊಟ್ಟೆರಂಧ್ರದ ಎ ಸ್ಟೈಲನ್ನೇ ಹೇಳುತ್ತೇನೆ, ಉಳಿದ ಹಣದಲ್ಲಿ ಇನ್ನೂ ಒಳ್ಳೆಯ ತಯಾರಕರ ಹತ್ತಿರ ಹೋಗಬಹುದು.

ಪ್ರಶ್ನೆ: ತಯಾರಕರ ಕಾರ್ಯಾಗಾರಕ್ಕೆ ಹೋಗುತ್ತಿದ್ದೇನೆ. ಕೈಗೆ ಕೊಟ್ಟಾಗ ಏನೇನು ನೋಡಬೇಕು? ನಾನು ದೊಡ್ಡ ವಾದಕನಲ್ಲ, ಅಲ್ಲಿ ನುಡಿಸಲಿಕ್ಕೇ ಮುಜುಗರ.

ಮುಜುಗರ ಬೇಡ. ಮಾಡುವವರಿಗೆ ನಿಮ್ಮ ವೇಗ ಮುಖ್ಯವಲ್ಲ, ನಿಮ್ಮ ಕೈ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಮುಖ್ಯ. ಕಲಿತ ಹಾಡುಗಳಲ್ಲಿ ತೀರಾ ಸುಲಭದ್ದನ್ನೇ ನುಡಿಸಿ.

ಮೊದಲು ಶ್ರುತಿ ಮಾಡಿ, ತಂತಿ ಹೊಸದಾ ಹಳೆಯದಾ ಕೇಳಿ, ಯಾಕೆಂದರೆ ಹಳೇ ತಂತಿ ಒಳ್ಳೆಯ ವಾದ್ಯವನ್ನೂ ಮಂಕು ಮಾಡುತ್ತದೆ. ಆಮೇಲೆ ಒಂದೊಂದು ತಂತಿಯಲ್ಲೂ ಒಂದೊಂದು ಫ್ರೆಟ್ (ನೆಕ್, ಅಂದರೆ ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ಒತ್ತಿ ಮೇಲಿನ ತನಕ ಹೋಗಿ. ಬೇಸರದ ಕೆಲಸ, ಆದರೆ ಬಿಡಬೇಡಿ. ಎಲ್ಲೋ ಒಂದು ಸ್ವರ ಸತ್ತ ಹಾಗೆ ಬೇಗ ನಿಂತುಹೋಗುತ್ತದಾ, ಎಲ್ಲಾದರೂ ಝರ್ ಅನ್ನುತ್ತದಾ, ಇದರಲ್ಲೇ ಗೊತ್ತಾಗುವುದು. 12ನೇ ಫ್ರೆಟ್ ಮೇಲೆ ಬೆರಳು ತಾಗಿಸಿ ಬರುವ ಹಾರ್ಮೋನಿಕ್‌ಗೂ, ಅಲ್ಲೇ ಒತ್ತಿ ನುಡಿಸಿದ ಸ್ವರಕ್ಕೂ ಶ್ರುತಿ ಹೊಂದಬೇಕು. ಹೊಂದದಿದ್ದರೆ ಗಿಟಾರ್‌ನಲ್ಲಿ ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ಪಟ್ಟಿಯ ಕೆಲಸ ಬೇಕಾಗುತ್ತದೆ. ಮ್ಯಾಂಡೊಲಿನ್ ಆದರೆ ಟಾಪ್ ಮೇಲೆ ತಂತಿ ಹೊತ್ತು ನಿಂತ ಬ್ರಿಡ್ಜ್ ಸ್ವಲ್ಪ ಸರಿಸಿದರೆ ಸಾಕು.

ಆಮೇಲೆ ಆ್ಯಕ್ಷನ್, ಅಂದರೆ ಫ್ರೆಟ್ ಮೇಲೆ ತಂತಿಯ ಎತ್ತರ. 12ನೇ ಫ್ರೆಟ್ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ ನೋಡಿ. ಸ್ಟೀಲ್ ತಂತಿ ಗಿಟಾರ್‌ನಲ್ಲಿ ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ತೆಳು ತಂತಿಗೆ 2 ಮಿ.ಮೀ. ಒಳಗೆ ಇದ್ದರೆ ಹೆಚ್ಚಿನವರಿಗೆ ಆರಾಮ. ಮ್ಯಾಂಡೊಲಿನ್‌ಗೆ ಸುಮಾರು 1.5. ಎತ್ತರ ಜಾಸ್ತಿ ಇದ್ದು ಸ್ಯಾಡಲ್ ಆಗಲೇ ತುಂಬಾ ತಗ್ಗಿದ್ದರೆ ಎಚ್ಚರ! ಇನ್ನು ಇಳಿಸಲಿಕ್ಕೆ ಜಾಗ ಇಲ್ಲ, ನೆಕ್‌ನ ಕೋನವೇ ತಪ್ಪಿದೆ ಅಂತ ಅರ್ಥ. ಹಳೇ ಗಿಟಾರ್ ಕೊಳ್ಳುವವರು ಇದನ್ನು ಮರೆಯಲೇಬಾರದು, ನೆಕ್ ಬಿಚ್ಚಿ ಮತ್ತೆ ಕೂರಿಸುವುದು ದೊಡ್ಡ ರಿಪೇರಿ.

ಇಷ್ಟಾದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪರೀಕ್ಷೆ: ಆದಷ್ಟು ಮೆತ್ತಗೆ ನುಡಿಸಿ. ಜೋರಾಗಿ ಬಾರಿಸಿದರೆ ಹೆಚ್ಚಿನ ವಾದ್ಯಗಳು ಚೆನ್ನಾಗಿಯೇ ಕೇಳುತ್ತವೆ. ಸಣ್ಣಗೆ ಮೀಟಿದಾಗಲೂ ಸ್ವರ ತುಂಬಿಕೊಂಡು ಬಂದರೆ, ಒಂದು ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದಾಗ ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕೇಳಿಸಿದರೆ, ಆ ವಾದ್ಯದ ಟಾಪ್ ಸರಿಯಾಗಿ ಕೆಲಸ ಮಾಡುತ್ತಿದೆ. ಕೊನೆಗೆ ಬೇರೆಯವರಿಂದ ನುಡಿಸಿ ಎದುರಿಗೆ ಕೂತು ಕೇಳಿ, ಏಕೆಂದರೆ ದನಿ ಹೋಗುವುದು ಮುಂದಕ್ಕೆ, ನುಡಿಸುವವರ ಕಿವಿಗೆ ಅದರ ಒಂದು ಭಾಗ ಮಾತ್ರ.

ಪ್ರಶ್ನೆ: ನನ್ನ ಕೈ ಚಿಕ್ಕದು. ದೊಡ್ಡ ಗಿಟಾರ್ ಹಿಡಿದರೆ ಭುಜ ನೋಯುತ್ತದೆ.

ಹಾಗಾದರೆ ಡ್ರೆಡ್‌ನಾಟ್ ಬಿಡಿ. ಆ ದೊಡ್ಡ ಬಾಡಿಯನ್ನು ಮಾರ್ಟಿನ್ ಕಂಪನಿ 1916ರಲ್ಲಿ ಡಿಟ್ಸನ್ ಎಂಬ ಕಂಪನಿಗಾಗಿ ಮೊದಲು ಮಾಡಿತು. ಹೆಸರು ಇಟ್ಟದ್ದೇ ಒಂದು ಯುದ್ಧನೌಕೆಯದ್ದು! ಸೊಂಟ ಸಣ್ಣಗಿರುವ ಚಿಕ್ಕ ಬಾಡಿ ಕೇಳಿ, ಒಳ್ಳೆಯ ತಯಾರಕರ ಕೈಯಲ್ಲಿ ಅದರ ದನಿಯೇನೂ ಚಿಕ್ಕದಾಗಿರುವುದಿಲ್ಲ. ಸ್ಕೇಲ್ ಉದ್ದ, ಅಂದರೆ ತಂತಿಯ ಕಂಪಿಸುವ ಭಾಗದ ಉದ್ದ, 645 ಮಿ.ಮೀ. ಬದಲು 630ರ ಆಸುಪಾಸು ಇದ್ದರೆ ಫ್ರೆಟ್‌ಗಳು ಹತ್ತಿರವಾಗುತ್ತವೆ, ತಂತಿಯೂ ಮೆತ್ತಗಾಗುತ್ತದೆ. ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಅಗಲ 43 ಮತ್ತು 44.5 ಮಿ.ಮೀ. ಎರಡನ್ನೂ ಹಿಡಿದು ನೋಡಿ. ಒಂದೂವರೆ ಮಿ.ಮೀ. ಅಲ್ವಾ ಅನ್ನಬೇಡಿ, ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ಪ್ರಶ್ನೆ: ಆರ್ಡರ್ ಕೊಟ್ಟು ಮಾಡಿಸುವಾಗ ತಯಾರಕರಿಗೆ ಏನು ಹೇಳಬೇಕು?

ಮರದ ಪಟ್ಟಿ ಹಿಡಿದುಕೊಂಡು ಹೋಗಬೇಡಿ. ಏನು ನುಡಿಸುತ್ತೀರಿ, ಬೆರಳಿಂದಲೋ ಪಿಕ್‌ನಿಂದಲೋ, ಯಾವ ಗೇಜ್ ತಂತಿ, ಹಾಡಿನ ಜೊತೆಗೋ ಬರೀ ವಾದ್ಯವೋ, ಇಷ್ಟು ಹೇಳಿ. ಈಗಿರುವ ವಾದ್ಯವನ್ನೂ ತಗೊಂಡು ಹೋಗಿ, ಇದರಲ್ಲಿ ಇದು ಇಷ್ಟ, ಇದು ಇಲ್ಲ ಅಂತ ನುಡಿಸಿ ತೋರಿಸಿ. ದನಿಯನ್ನು ಮಾತಿನಲ್ಲಿ ಹೇಳಲು ಹೋದರೆ ಇಬ್ಬರಿಗೂ ಗೊಂದಲ. ಎಷ್ಟು ತಿಂಗಳು, ಮುಂಗಡ ಎಷ್ಟು, ಇಷ್ಟವಾಗದಿದ್ದರೆ ಏನು, ಮೊದಲ ವರ್ಷದ ಸೆಟಪ್ (ತಂತಿಯ ಎತ್ತರ, ಶ್ರುತಿ ಸರಿಪಡಿಸುವ ಕೆಲಸ) ಯಾರು ಮಾಡುತ್ತಾರೆ, ಇವನ್ನು ಬರಹದಲ್ಲಿ ಇಟ್ಟುಕೊಳ್ಳಿ. ಆಮೇಲೆ ಅವರ ಕೆಲಸಕ್ಕೆ ಬಿಡಿ. ಅವರ ಬೇರೆ ವಾದ್ಯಗಳು ನಿಮಗೆ ಇಷ್ಟವಾಗದಿದ್ದರೆ ನಿಮಗಾಗಿ ಮಾಡುವುದೂ ಇಷ್ಟವಾಗಲಿಕ್ಕಿಲ್ಲ.

ಪ್ರಶ್ನೆ: ಹೊಸ ವಾದ್ಯ ನುಡಿಸುತ್ತಾ ನುಡಿಸುತ್ತಾ ದನಿ ಬಿಚ್ಚಿಕೊಳ್ಳುತ್ತದೆ ಅಂತಾರೆ, ಹೌದಾ?

ತಕ್ಕಮಟ್ಟಿಗೆ ಬದಲಾಗುತ್ತದೆ ಅಂತಲೇ ನುಡಿಸುವವರು, ಮಾಡುವವರು ಬಹಳ ಜನ ಹೇಳುತ್ತಾರೆ, ನನ್ನ ಕಿವಿಗೂ ಹಾಗೇ ಅನ್ನಿಸಿದೆ. ಆದರೆ ಇವತ್ತು ಇಷ್ಟವಾಗದ ದನಿಯನ್ನು ನಾಳೆ ಬಿಚ್ಚಿಕೊಳ್ಳುತ್ತದೆ ಅನ್ನುವ ನಂಬಿಕೆಯ ಮೇಲೆ ಕೊಳ್ಳಬೇಡಿ.

ಪ್ರಶ್ನೆ: ಒಣಹವೆಯಲ್ಲಿ ನನ್ನ ಗಿಟಾರ್‌ನ ಫ್ರೆಟ್ ತುದಿಗಳು ಕೈಗೆ ಚುಚ್ಚುತ್ತಿವೆ. ತಯಾರಕರ ತಪ್ಪಾ?

ಬಹುಶಃ ಅಲ್ಲ. ಮರ ಒಣಗಿದೆ. ಫಿಂಗರ್‌ಬೋರ್ಡ್ (ಫ್ರೆಟ್ ಕೂರಿಸಿದ ಮರದ ಪಟ್ಟಿ) ಅಡ್ಡಕ್ಕೆ ಕುಗ್ಗಿತು, ಲೋಹದ ಫ್ರೆಟ್ ಕುಗ್ಗಲಿಲ್ಲ, ಹಾಗಾಗಿ ತುದಿ ಹೊರಗೆ ಬಂತು. ಇದನ್ನು ಮುನ್ಸೂಚನೆ ಅಂತ ತಗೊಳ್ಳಿ, ಮುಂದಿನದು ಟಾಪ್ ಬಿರುಕು. ಹವೆಯ ತೇವಾಂಶ 45ರಿಂದ 55 ಶೇಕಡಾ ಒಳಗೆ ಇರಲಿ. ಕೇಸಿನಲ್ಲಿ ತೇವಾಂಶ ಅಳೆಯುವ ಒಂದು ಚಿಕ್ಕ ಹೈಗ್ರೊಮೀಟರ್ ಇಡಿ, ಒಣಹವೆಯಲ್ಲಿ ತೇವ ಕೊಡುವ ಪೊಟ್ಟಣವೂ ಇರಲಿ. ಮಳೆಗಾಲದಲ್ಲಿ ಉಲ್ಟಾ, ಮರ ಉಬ್ಬಿ ಆ್ಯಕ್ಷನ್ ಮೇಲೇರುತ್ತದೆ, ಆಗ ತೇವ ಹೀರುವ ಸಿಲಿಕಾ ಬೇಕು. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಯಾವತ್ತೂ ಬಿಡಬೇಡಿ, ಅಂಟು ಮೆತ್ತಗಾಗಿ ಬ್ರಿಡ್ಜೇ ಎದ್ದು ಬರಬಹುದು.

ಪ್ರಶ್ನೆ: ಮ್ಯಾಂಡೊಲಿನ್ ತಂದಾಗಿನಿಂದ ಗೀರು ಬೀಳುತ್ತದೆ ಅನ್ನುವ ಭಯಕ್ಕೆ ಕೇಸಿನಿಂದ ತೆಗೆಯುವುದೇ ಅಪರೂಪ. ತಂತಿ ಬದಲಿಸಲಿಕ್ಕೂ ಹೆದರಿಕೆ.

ಗೀರು ಬೀಳುತ್ತದೆ, ಬೀಳಲಿ. ಒಳ್ಳೆಯ ತಯಾರಕರು ಬೇಕೆಂದೇ ಫಿನಿಶ್ (ಮೇಲಿನ ಹೊಳಪಿನ ಲೇಪ) ತೆಳುವಾಗಿ ಹಚ್ಚಿರುತ್ತಾರೆ, ದಪ್ಪ ಹಚ್ಚಿದರೆ ಟಾಪ್ ಕಂಪಿಸುವುದು ಕಡಿಮೆಯಾಗುತ್ತದೆ. ತೆಳು ಫಿನಿಶ್ ಬೇಗ ಸವೆಯುತ್ತದೆ, ಅದು ಕೊರತೆಯಲ್ಲ. ನುಡಿಸಿದ ಮೇಲೆ ಮೆತ್ತನೆ ಬಟ್ಟೆಯಲ್ಲಿ ತಂತಿ, ಟಾಪ್ ಎರಡೂ ಒರೆಸಿ. ಕೈಗೆಟುಕುವ ಜಾಗದಲ್ಲಿ ಸ್ಟ್ಯಾಂಡ್ ಮೇಲಿಡಿ. ಹವೆ ತೀರಾ ಒಣಗಿದ್ದಾಗ ಮಾತ್ರ ಕೇಸಿಗೆ ಹಾಕಿ. ಕಣ್ಣೆದುರಿಗಿದ್ದರೆ ಹತ್ತು ನಿಮಿಷ ಸಿಕ್ಕರೂ ಕೈ ಅತ್ತ ಹೋಗುತ್ತದೆ.

ತಂತಿ ವಿಷಯಕ್ಕೆ ಒಂದೇ ನಿಯಮ: ಎಂಟನ್ನೂ ಒಟ್ಟಿಗೆ ಬಿಚ್ಚಬೇಡಿ. ಮ್ಯಾಂಡೊಲಿನ್‌ನ ಬ್ರಿಡ್ಜ್ ಅಂಟಿಸಿದ್ದಲ್ಲ, ತಂತಿಗಳ ಒತ್ತಡಕ್ಕೆ ನಿಂತಿರುವುದು. ಎಲ್ಲ ತೆಗೆದರೆ ಬ್ರಿಡ್ಜ್ ಜಾಗ ಬಿಡುತ್ತದೆ, ಶ್ರುತಿ ಕೆಡುತ್ತದೆ. ಒಂದು ತೆಗೆದು ಅದರ ಜಾಗಕ್ಕೆ ಹೊಸದು ಹಾಕಿ ಶ್ರುತಿಗೆ ತಂದು, ಆಮೇಲೆ ಮುಂದಿನದಕ್ಕೆ ಹೋಗಿ. ಜೊತೆಗೆ 1 ಮಿ.ಮೀ.ಗಿಂತ ದಪ್ಪದ ಎರಡು ಮೂರು ಪಿಕ್ ತಂದು ಒಂದೊಂದರಲ್ಲೂ ಅದೇ ಹಾಡು ನುಡಿಸಿ ನೋಡಿ. ತೆಳು ಪಿಕ್‌ನಲ್ಲಿ ಜೋಡಿ ತಂತಿ ಚಿಟಪಟ ಅನ್ನುತ್ತದೆ. ದಪ್ಪ ಪಿಕ್ ಹಿಡಿದು ಮಣಿಕಟ್ಟು ಸಡಿಲ ಬಿಟ್ಟರೆ ನೀವು ಕೊಂಡ ದನಿ ಆಗ ಕೇಳಿಸುತ್ತದೆ.