ಬಾಲಿಯಲ್ಲಿ ಐದು ಗುಂಟೆ: ಯಾರ ಹೆಸರಿಗೆ, ಎಷ್ಟು ವರ್ಷಕ್ಕೆ?

ಪ್ರಶ್ನೆ: ಬಾಲಿಯ ಉಬುದ್ ಹತ್ತಿರ 5 ಆರೆ (ಸುಮಾರು ಐದು ಗುಂಟೆ) ಜಾಗ ನೋಡಿ ಬಂದಿದ್ದೇವೆ. ವಿದೇಶಿಯರ ಹೆಸರಿಗೆ ನೋಂದಣಿ ಆಗುವುದಿಲ್ಲವಂತೆ. ಸ್ಥಳೀಯರೊಬ್ಬರ ಹೆಸರಿಗೆ ಮಾಡಿಸಿ, ಅವರಿಂದ ಸಾಲಪತ್ರ ಮತ್ತು ಜಿಪಿಎ ಬರೆಸಿಕೊಂಡರೆ ಜಾಗ ನಿಮ್ಮದೇ ಎನ್ನುತ್ತಾನೆ ದಲ್ಲಾಳಿ. ನಂಬಬಹುದೇ? (ದಂಪತಿ, ಬೆಂಗಳೂರು)

ಉತ್ತರ: ನಂಬಬೇಡಿ. ನಾವು ಬೇನಾಮಿ ಎನ್ನುವುದಕ್ಕೆ ಅಲ್ಲಿ ನೋಮಿನಿ ಎಂಬ ಮರ್ಯಾದೆಯ ಹೆಸರಿದೆ, ಅಷ್ಟೇ. ಇಂಡೋನೇಷ್ಯಾದ 1960ರ ಮೂಲ ಭೂಕಾಯ್ದೆಯ 21ನೇ ವಿಧಿಯ ಪ್ರಕಾರ ಪೂರ್ಣ ಒಡೆತನ, ಅಂದರೆ ‘ಹಾಕ್ ಮಿಲಿಕ್’, ಆ ದೇಶದ ಪ್ರಜೆಗಳಿಗೆ ಮಾತ್ರ. 26ನೇ ವಿಧಿ ಇನ್ನೂ ಕಠಿಣ. ನೇರವಾಗಿಯೋ ಬಳಸುದಾರಿಯಿಂದಲೋ ವಿದೇಶಿಗೆ ಒಡೆತನ ದಾಟಿಸುವ ಯಾವ ವ್ಯವಹಾರವೂ ಅಸಿಂಧು, ನೆಲ ಸರ್ಕಾರಕ್ಕೆ ಸೇರುತ್ತದೆ, ಕೊಟ್ಟ ಹಣವನ್ನು ವಾಪಸು ಕೇಳುವಂತೆಯೂ ಇಲ್ಲ. ದಲ್ಲಾಳಿ ಹೇಳುವ ಜಿಪಿಎ ಕೂಡ ಉಪಯೋಗಕ್ಕೆ ಬಾರದು: ನೆಲ ವರ್ಗಾವಣೆಗಾಗಿ ಹಿಂಪಡೆಯಲಾಗದ ಅಧಿಕಾರಪತ್ರ ಬರೆಸಿಕೊಳ್ಳುವುದನ್ನು ಅಲ್ಲಿ 1982ರಲ್ಲೇ ನಿಷೇಧಿಸಿದ್ದಾರೆ.

ಇಂಥ ಏರ್ಪಾಡು ಕೆಲವು ವರ್ಷ ಸಲೀಸಾಗಿ ನಡೆಯುತ್ತದೆ, ಅದೇ ಅಪಾಯ. ಹೆಸರು ಕೊಟ್ಟವರು ತೀರಿಕೊಂಡಾಗ, ವಿಚ್ಛೇದನವಾದಾಗ, ಇಲ್ಲವೇ ಆ ಜಾಗವನ್ನೇ ಬ್ಯಾಂಕಿಗೆ ಅಡವಿಟ್ಟಾಗ ಗಂಟು ಬಿಚ್ಚುತ್ತದೆ. ಆಗ ನೀವು ಕೋರ್ಟಿನಲ್ಲಿ ಮಂಡಿಸುವ ಕಾಗದಗಳೇ ಕಾಯ್ದೆ ಮೀರಿದ್ದಕ್ಕೆ ಸಾಕ್ಷಿ.

ಕಾನೂನಿನೊಳಗೆ ಮೂರು ದಾರಿಗಳಿವೆ. ಮೊದಲನೆಯದು ‘ಹಾಕ್ ಪಾಕಾಯ್’, ಬಳಕೆಯ ಹಕ್ಕು. ಇದು ನಿಮ್ಮ ಹೆಸರಿಗೇ ಬರುತ್ತದೆ. 2021ರ ನಿಯಮದಂತೆ ಸರ್ಕಾರಿ ನೆಲದ ಮೇಲೆ 30 ವರ್ಷ, ಮುಂದುವರಿಕೆ 20, ನವೀಕರಣ 30. ಆದರೆ ಇದು ಮನೆಗೆ ಮಾತ್ರ, ಖಾಲಿ ಸೈಟಿಗಲ್ಲ. ಬಾಲಿಯಲ್ಲಿ ವಿದೇಶಿ ಕೊಳ್ಳುವ ಮನೆಗೆ 2022ರಲ್ಲಿ ನಿಗದಿಯಾದ ಕನಿಷ್ಠ ಬೆಲೆ 500 ಕೋಟಿ ರುಪಿಯಾ. ಇಂದಿನ ವಿನಿಮಯದಲ್ಲಿ ಎರಡೂವರೆ ಕೋಟಿ ರೂಪಾಯಿಗೂ ಮೇಲೆ. ಎರಡನೆಯದು ವಿದೇಶಿ ಬಂಡವಾಳದ ಕಂಪನಿ ತೆರೆದು (‘ಪಿಟಿ ಪಿಎಂಎ’) ಅದರ ಹೆಸರಿಗೆ ಕಟ್ಟಡದ ಹಕ್ಕು ಪಡೆಯುವುದು. ಸಾಮಾನ್ಯವಾಗಿ ನೆಲ, ಕಟ್ಟಡ ಬಿಟ್ಟು 1,000 ಕೋಟಿ ರುಪಿಯಾ ಮೀರಿದ ಹೂಡಿಕೆ ಯೋಜನೆ ತೋರಿಸಬೇಕು. ರಜೆಗೆ ಹೋಗಿ ಇರಲೊಂದು ಮನೆ ಬೇಕೆನ್ನುವವರಿಗೆ ಇದು ಇಲಿ ಹಿಡಿಯಲು ಗುಡ್ಡ ಅಗೆದಂತೆ. ಮೂರನೆಯದು ದೀರ್ಘ ಗುತ್ತಿಗೆ, ‘ಹಾಕ್ ಸೇವಾ’. ನಿಮ್ಮ ಅಳತೆಯ ಜಾಗಕ್ಕೆ ಹೊಂದುವುದು ಇದೇ.

ಪ್ರಶ್ನೆ: ಗುತ್ತಿಗೆಯಾದರೆ ಕರಾರಿನಲ್ಲಿ ಏನೇನು ಇರಬೇಕು? ‘25 ವರ್ಷ, ಆಮೇಲೆ ಮುಂದುವರಿಸಬಹುದು’ ಎಂದಷ್ಟೇ ಕರಡಿನಲ್ಲಿದೆ. (ಓದುಗರು, ಮೈಸೂರು)

ಉತ್ತರ: ಮೊದಲು ಅಳತೆ. ಬಾಲಿಯಲ್ಲಿ ಬೆಲೆ ಹೇಳುವುದು ‘ಆರೆ’ ಲೆಕ್ಕದಲ್ಲಿ. ಒಂದು ಆರೆ ಎಂದರೆ 100 ಚದರ ಮೀಟರ್, 1,076 ಚದರ ಅಡಿ. ನಮ್ಮ ಗುಂಟೆ 1,089 ಚದರ ಅಡಿ. ಹಾಗಾಗಿ ಆರೆ ಎಂದಲ್ಲೆಲ್ಲ ಗುಂಟೆ ಎಂದು ಓದಿಕೊಂಡರೆ ದೊಡ್ಡ ತಪ್ಪೇನಿಲ್ಲ. ತಪ್ಪಾಗುವುದು ಬೆಲೆಯಲ್ಲಿ: ಹೇಳಿದ ದರ ವರ್ಷಕ್ಕೋ, ಪೂರ್ತಿ ಅವಧಿಗೋ? ಆರೆಗೆ ವರ್ಷಕ್ಕೆ 2 ಕೋಟಿ ರುಪಿಯಾ ಎಂದಿಟ್ಟುಕೊಂಡರೆ 5 ಆರೆಗೆ 25 ವರ್ಷಕ್ಕೆ 250 ಕೋಟಿ, ಅದೂ ಮುಂಗಡವಾಗಿ. ಮಾಲೀಕರ ಬಾಡಿಗೆ ಆದಾಯದ ಮೇಲೆ ಶೇ 10 ತೆರಿಗೆ ಬೀಳುತ್ತದೆ. ‘ನನ್ನ ಕೈಗೆ 250 ಸೇರಬೇಕು’ ಎಂದು ಅವರು ಹಟ ಹಿಡಿದರೆ ಲೆಕ್ಕ 275 ಆಗುವುದಿಲ್ಲ. ತೆರಿಗೆ ಒಟ್ಟು ಮೊತ್ತದ ಮೇಲಾದ್ದರಿಂದ ಸುಮಾರು 278 ಆಗುತ್ತದೆ. ಯಾರು ಕಟ್ಟುತ್ತಾರೆಂಬುದನ್ನು ಕರಾರಿನಲ್ಲಿ ಬರೆಸಿ, ಕಟ್ಟಿದ ರಸೀತಿಯ ಪ್ರತಿ ಇಟ್ಟುಕೊಳ್ಳಿ.

‘ಮುಂದುವರಿಸಬಹುದು’ ಎಂಬ ಮಾತಿಗೆ ಬೆಲೆಯಿಲ್ಲ. ಆಗ ಮಾಲೀಕರು ಅಥವಾ ಅವರ ಮಕ್ಕಳು ಕೇಳಿದ್ದೇ ದರ, ಅಷ್ಟು ಹೊತ್ತಿಗೆ ಮನೆ ಅವರ ನೆಲದ ಮೇಲೆ ನಿಂತಿರುತ್ತದೆ. ಎಷ್ಟು ವರ್ಷ, ಯಾವ ಸೂತ್ರದ ಪ್ರಕಾರ ದರ, ಅವಧಿ ಮುಗಿಯುವ ಎಷ್ಟು ತಿಂಗಳು ಮೊದಲು ತಿಳಿಸಬೇಕು, ಮಾರುಕಟ್ಟೆ ದರವಾದರೆ ಅದನ್ನು ನಿರ್ಧರಿಸುವ ಮೌಲ್ಯಮಾಪಕರನ್ನು ಹೇಗೆ ಆರಿಸುವುದು ಎಂಬುದೆಲ್ಲ ಈಗಲೇ ಬರಬೇಕು. ಉಳಿದ ಅವಧಿಯನ್ನು ಬೇರೆಯವರಿಗೆ ವರ್ಗಾಯಿಸುವ ಹಕ್ಕು, ಕಟ್ಟುವ ಹಕ್ಕು, ಎರಡೂ ಕಡೆಯ ವಾರಸುದಾರರು ಕರಾರಿಗೆ ಬದ್ಧರೆಂಬ ಮಾತು ಸೇರಿಸಿ. ಅವಧಿ ಮುಗಿದ ಮೇಲೆ ಕಟ್ಟಡ ಯಾರದು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಸಹಿ ಯಾರದು ಎಂಬುದರಲ್ಲೂ ಎಡವುತ್ತಾರೆ. ಜಾಗದ ಒಡೆತನದ ಪ್ರಮಾಣಪತ್ರದಲ್ಲಿ ಗಂಡನ ಹೆಸರಿದ್ದರೂ ಮದುವೆಯ ನಂತರ ಗಳಿಸಿದ್ದಾದರೆ ಹೆಂಡತಿಯ ಒಪ್ಪಿಗೆ ಬೇಕು. ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಎಲ್ಲ ವಾರಸುದಾರರೂ ಬರಬೇಕು, ಅದಕ್ಕೂ ಮೊದಲು ಹಕ್ಕು ಬದಲಾವಣೆ ಆಗಬೇಕು. ನಮ್ಮಲ್ಲಿ ಪೌತಿ ಖಾತೆ ಆಗದ ಜಮೀನು ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ದೇಸ ಆದತ್, ಅಂದರೆ ಸಾಂಪ್ರದಾಯಿಕ ಗ್ರಾಮಸಮುದಾಯಕ್ಕೆ ಸೇರಿದ ನೆಲವನ್ನು ಒಬ್ಬ ವ್ಯಕ್ತಿ ಗುತ್ತಿಗೆಗೆ ಕೊಡಲಾರ.

ಮುಂಗಡ ಕೊಡುವ ಮೊದಲೇ ನೋಟಾರಿಸ್ (ಅಲ್ಲಿನ ನೋಟರಿ) ಮೂಲಕ ಭೂದಾಖಲೆ ಕಚೇರಿ ಬಿಪಿಎನ್‌ನಲ್ಲಿ ಪ್ರಮಾಣಪತ್ರ ಪರಿಶೀಲನೆ ಮಾಡಿಸಿ. ನಮ್ಮ ಇ.ಸಿ. ತೆಗೆಸುವ ಕೆಲಸ ಎಂದುಕೊಳ್ಳಿ. ಅಡಮಾನ, ತಡೆ, ತಕರಾರು ಇದ್ದರೆ ತಿಳಿಯುತ್ತದೆ. ನಿಮ್ಮ ಗುತ್ತಿಗೆ ಮಾತ್ರ ಸಾಮಾನ್ಯವಾಗಿ ಆ ಪ್ರಮಾಣಪತ್ರದಲ್ಲಿ ದಾಖಲಾಗುವುದಿಲ್ಲ. ಮಾಲೀಕರು ನಾಳೆ ಜಾಗ ಮಾರಿದರೂ ಗುತ್ತಿಗೆ ಮುರಿಯುವುದಿಲ್ಲ ಎನ್ನುತ್ತದೆ ಅಲ್ಲಿನ ನಾಗರಿಕ ಸಂಹಿತೆಯ 1576ನೇ ವಿಧಿ. ಆದರೂ ಅಡವಿಡದಂತೆ ಷರತ್ತು ಹಾಕಿ, ಮೂಲ ಪ್ರಮಾಣಪತ್ರ ಕಾಗದದ್ದಾಗಿದ್ದರೆ ಅವಧಿ ಮುಗಿಯುವವರೆಗೆ ನೋಟಾರಿಸ್ ಬಳಿ ಇಡಿಸಿ. ಕರಾರು ಇಂಡೋನೇಷ್ಯನ್ ಭಾಷೆಯಲ್ಲಿರುವುದು 2009ರ ಭಾಷಾ ಕಾಯ್ದೆಯಂತೆ ಕಡ್ಡಾಯ. ಪಕ್ಕದಲ್ಲಿ ಇಂಗ್ಲಿಷ್ ಇರಲಿ. ಬೆಲೆಯನ್ನು ಡಾಲರಿನಲ್ಲಿ ಹೇಳಿದರೂ ಪಾವತಿ ರುಪಿಯಾದಲ್ಲೇ ಆಗಬೇಕು.

ಪ್ರಶ್ನೆ: ಗದ್ದೆಯ ನಡುವೆ ಒಂದು ಜಾಗ ಅರ್ಧ ಬೆಲೆಗೆ ಸಿಗುತ್ತಿದೆ. ‘ಕನ್ವರ್ಷನ್ ಆಗುತ್ತದೆ’ ಎನ್ನುತ್ತಿದ್ದಾರೆ. (ಓದುಗರು, ಹುಬ್ಬಳ್ಳಿ)

ಉತ್ತರ: ಆಗಿದೆಯೇ, ಆಗುತ್ತದೆಯೇ? ಎರಡನೆಯದಾದರೆ ಬಿಡಿ. ಅರ್ಧ ಬೆಲೆ ಬಂದಿರುವುದೇ ವಲಯ ನಕ್ಷೆಯಲ್ಲಿ ಅದು ಹಸಿರು ಬಣ್ಣದಲ್ಲಿರುವುದರಿಂದ. ಸಂರಕ್ಷಿತ ಗದ್ದೆಯಲ್ಲಿ ಕಟ್ಟಡ ಪರವಾನಗಿ (2021ರಿಂದ ಇದರ ಹೆಸರು ‘ಪಿಬಿಜಿ’) ಸಿಗುವುದಿಲ್ಲ. ಮುಂಗಡಕ್ಕೆ ಮೊದಲು ಆ ಸರ್ವೆ ಸಂಖ್ಯೆಗೆ ವಲಯ ಮಾಹಿತಿ ಪತ್ರ ತರಿಸಿ, ಪರವಾನಗಿ ಸಿಗದಿದ್ದರೆ ಮುಂಗಡ ವಾಪಸು ಎಂಬ ಷರತ್ತು ಹಾಕಿ. ಸ್ಥಳದಲ್ಲಿ ನೀರಿನ ಕಾಲುವೆಯನ್ನೂ ನೋಡಿ. ಅದು ಸುಬಕ್ ಎಂಬ ರೈತರ ನೀರಾವರಿ ಸಂಘದ್ದು, ಮುಚ್ಚುವಂತಿಲ್ಲ, ತಿರುಗಿಸುವಂತಿಲ್ಲ. ಗದ್ದೆಬದುವಿನ ಮೇಲಿನ ದಾರಿ ಯಾರ ಹೆಸರಿನಲ್ಲಿದೆ ಎಂಬುದೂ ದಾಖಲೆಯಲ್ಲಿರಬೇಕು. ಇಲ್ಲದಿದ್ದರೆ ಸಿಮೆಂಟ್ ಲಾರಿ ಬಂದ ದಿನ ದಾರಿಗೆ ಬೇರೆ ಬೆಲೆ ಹೇಳುತ್ತಾರೆ.

ಕಡಲತಡಿಯ ಜಾಗಕ್ಕೆ ಸಾಮಾನ್ಯವಾಗಿ ಭರತದ ಗೆರೆಯಿಂದ 100 ಮೀಟರ್ ಬಿಡಬೇಕು. ಕಟ್ಟಡದ ಎತ್ತರಕ್ಕೆ 15 ಮೀಟರ್ ಮಿತಿ, ತೆಂಗಿನ ಮರ ಮೀರಬಾರದೆಂಬ ಲೆಕ್ಕ. ಬಿಂಗಿನ್ ಕಡಲತೀರದಲ್ಲಿ ಸರ್ಕಾರಿ ನೆಲದ ಮೇಲೆ ಎದ್ದಿದ್ದ ಹತ್ತಾರು ಕಟ್ಟಡಗಳನ್ನು 2025ರ ಜುಲೈಯಲ್ಲಿ ಕೆಡವಲು ಶುರುಮಾಡಿದರು. ಅವುಗಳಲ್ಲಿ ಎಷ್ಟೋ ವರ್ಷಗಳಿಂದ ವ್ಯಾಪಾರ ನಡೆಯುತ್ತಿತ್ತು.

ಪ್ರಶ್ನೆ: ಇಲ್ಲಿಂದ ಹಣ ಕಳಿಸುವುದು ಹೇಗೆ? ತೆರಿಗೆ ಇಲಾಖೆಗೆ ಏನು ತಿಳಿಸಬೇಕು? (ಮೊದಲಿನ ದಂಪತಿ)

ಉತ್ತರ: ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಒಬ್ಬರಿಗೆ ಆರ್ಥಿಕ ವರ್ಷಕ್ಕೆ 2,50,000 ಡಾಲರ್ ಮಿತಿ. ಇಬ್ಬರ ಮಿತಿಯನ್ನೂ ಸೇರಿಸಿ ಕಳಿಸಬೇಕಾದರೆ ಇಬ್ಬರೂ ಸಹಮಾಲೀಕರಾಗಿ ಕರಾರಿನಲ್ಲಿರಬೇಕು. 5 ವರ್ಷ ಮೀರಿದ ಗುತ್ತಿಗೆ ಸ್ಥಿರಾಸ್ತಿ ಖರೀದಿಯ ಸಾಲಿಗೇ ಸೇರುತ್ತದೆ. ಹಾಗಾಗಿ ಹಣ ಕಳಿಸಲು ಬ್ಯಾಂಕಿಗೆ ಕೊಡುವ ಎ2 ಫಾರ್ಮಿನಲ್ಲಿ ಉದ್ದೇಶದ ಕೋಡ್ ಎಸ್0005 ಬರೆಯಬೇಕು, ಪ್ರವಾಸದ ಖರ್ಚು ಎಂದಲ್ಲ. ಇದಕ್ಕೆ ಬ್ಯಾಂಕು ಸಾಲ ಕೊಡುವಂತಿಲ್ಲ. 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಶೇ 20 ಟಿಸಿಎಸ್ (ಮೂಲದಲ್ಲೇ ವಸೂಲಾಗುವ ತೆರಿಗೆ) ಹಿಡಿಯುತ್ತಾರೆ. ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದಾದರೂ ಆ ಮೊತ್ತ ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅದನ್ನು ಬೇರೆಯಾಗಿ ಹೊಂದಿಸಿಟ್ಟುಕೊಳ್ಳಿ. ಕಳಿಸಿದ ಹಣ ಹೂಡಿಕೆಯಾಗದೆ ಉಳಿದರೆ 180 ದಿನದೊಳಗೆ ವಾಪಸು ತರಬೇಕು. ಪರಿಶೀಲನೆ ಮುಗಿಯುವ ಮೊದಲೇ ಪೂರ್ತಿ ಹಣ ರವಾನಿಸುವುದು ಇದಕ್ಕೇ ಬೇಡ.

ರಿಟರ್ನ್ಸ್‌ನ ಎಫ್‌ಎ ಶೆಡ್ಯೂಲ್‌ನಲ್ಲಿ (ವಿದೇಶಿ ಆಸ್ತಿಗಳ ಪಟ್ಟಿ) ಪ್ರತಿ ವರ್ಷ ಈ ಆಸ್ತಿ ತೋರಿಸಬೇಕು, ಬಾಡಿಗೆ ಬಂದಿರಲಿ ಬಿಡಲಿ. ಅದರ ಲೆಕ್ಕ ಜನವರಿಯಿಂದ ಡಿಸೆಂಬರ್. ಬಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಸಣ್ಣ ಮೊತ್ತಕ್ಕೆ 2024ರಲ್ಲಿ ಕೊಟ್ಟ ವಿನಾಯಿತಿ ಸ್ಥಿರಾಸ್ತಿಗೆ ಅನ್ವಯಿಸುವುದಿಲ್ಲ. ಅಲ್ಲಿ ತೆರಿಗೆ ಕಟ್ಟಿದ್ದರೆ ಇಲ್ಲಿ ಅದಕ್ಕೆ ರಿಯಾಯಿತಿ ಪಡೆಯಬಹುದು. ದಿನಬಾಡಿಗೆಗೆ ಬಿಡುವ ಆಲೋಚನೆಯಿದ್ದರೆ ಅಲ್ಲಿಯ ವ್ಯಾಪಾರ ಪರವಾನಗಿ ಬೇರೆಯೇ ಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ನೀವೇ ಅತಿಥಿಗಳನ್ನು ನೋಡಿಕೊಳ್ಳುತ್ತಾ ಕೂತರೆ ಗಡೀಪಾರಾದೀರಿ.

ಪ್ರಶ್ನೆ: ನಾನು 14 ವರ್ಷದಿಂದ ದುಬೈಯಲ್ಲಿದ್ದೇನೆ, ಊರು ಉಡುಪಿ. ಈ ಮಿತಿ ನನಗೂ ಇದೆಯೇ?

ಉತ್ತರ: ಅಲ್ಲಿ ದುಡಿದ ಹಣಕ್ಕೆ ಇಲ್ಲ. ಅನಿವಾಸಿಯಾಗಿದ್ದಾಗ ಕೊಂಡ ವಿದೇಶಿ ಆಸ್ತಿಯನ್ನು ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾಯ್ದೆಯ 6(4)ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಣ ನಿಮ್ಮ ದುಬೈ ಖಾತೆಯಿಂದಲೇ ಹೋಯಿತೆಂಬ ಬ್ಯಾಂಕ್ ದಾಖಲೆ ಕಾಪಾಡಿಕೊಳ್ಳಿ. ಮರಳಿ ಸಾಮಾನ್ಯ ನಿವಾಸಿಯಾದ ವರ್ಷದಿಂದ ಎಫ್‌ಎ ಶೆಡ್ಯೂಲ್ ನಿಮಗೂ ಅನ್ವಯಿಸುತ್ತದೆ.