ಏರಿಯ ಒಳಗಿನ ಡಿಸ್ನಿಲ್ಯಾಂಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಪಾರ್ಕಿನ ಸುತ್ತ ಹೋಟೆಲು, ಹೆದ್ದಾರಿ ಎಲ್ಲ ಇವೆ. ಒಳಗೆ ನಿಂತರೆ ಅವು ಕಣ್ಣಿಗೇ ಬೀಳುವುದಿಲ್ಲವಲ್ಲ, ಹೇಗೆ? (ದಾವಣಗೆರೆಯ ಓದುಗರು)

ಉತ್ತರ: ಮಣ್ಣಿನ ಏರಿಯಿಂದ. ನಮ್ಮೂರ ಕೆರೆ ಏರಿಯ ಹಾಗೆಯೇ ಪಾರ್ಕನ್ನು ಸುತ್ತುವರಿದ ಒಂದು ದಿಬ್ಬವಿದೆ. ಸುಮಾರು 160 ಎಕರೆ ಹಣ್ಣಿನ ತೋಟ ಕೊಂಡು, ಒಂದೇ ವರ್ಷದಲ್ಲಿ ಕಟ್ಟಿ ಮುಗಿಸಿ, 1955ರ ಜುಲೈ 17ರಂದು ಪಾರ್ಕಿನ ಬಾಗಿಲು ತೆರೆದರು. ಒಳಗೆ ನದಿಗೆಂದು ತೋಡಿದ ಮಣ್ಣನ್ನು ಈ ಏರಿಗೇ ಬಳಸಿದರು. ಏರಿಯ ಮೇಲೆ ಗಿಡಮರ ಬೆಳೆಸಿ ಉಗಿಬಂಡಿಯ ಹಳಿ ಹಾಕಿದರು. ರೈಲು ಹತ್ತಿದವರು ಏರಿಯ ಮೇಲೆಯೇ ಸುತ್ತು ಹಾಕುತ್ತಿರುತ್ತಾರೆ, ಹೆಚ್ಚಿನವರಿಗೆ ಅದು ತಿಳಿಯುವುದೇ ಇಲ್ಲ.

ನದಿಯ ಪಾಡು ಮಾತ್ರ ಬೇರೆ. ಮೊದಲ ಸಲ ನೀರು ಬಿಟ್ಟಾಗ ನಿಲ್ಲಲೇ ಇಲ್ಲ, ನೆಲಕ್ಕೆ ಇಂಗಿಹೋಯಿತು. ಕೆರೆ ಕಟ್ಟಿದ ಊರಿನವರಿಗೆ ಇದರ ಮದ್ದು ಗೊತ್ತೇ ಇದೆ: ಜೇಡಿಮಣ್ಣು. ಅದನ್ನು ತಳಕ್ಕೆ ಹಾಸಿ ಗಟ್ಟಿ ಮಾಡಿದ ಮೇಲೆ ನೀರು ನಿಂತಿತು.

ಮುಂದೆ ಈ ಏರಿಯೇ ಒಂದು ತೊಡಕಾಯಿತು. ದೊಡ್ಡ ಆಟಗಳಿಗೆ ಒಳಗೆ ಜಾಗ ಸಾಲದೆ ಅವುಗಳ ಕಟ್ಟಡಗಳನ್ನು ಏರಿಯಾಚೆ ಕಟ್ಟಬೇಕಾಯಿತು. ಜನರನ್ನು ಅವರಿಗೇ ತಿಳಿಯದಂತೆ ಹಳಿಯ ಕೆಳಗಿನಿಂದ ದಾಟಿಸುವುದು ಹೇಗೆ? 1967ರ ಪೈರೇಟ್ಸ್ ಆಫ್ ದ ಕೆರಿಬಿಯನ್ ಎಂಬ ಆಟದಲ್ಲಿ ಜನ ಕೂತ ದೋಣಿ ಕತ್ತಲಲ್ಲಿ ಎರಡು ಸಲ ಧುಮುಕುತ್ತದೆ. ಮಕ್ಕಳು ಕಿರುಚುವ ಆ ಹೊತ್ತಿನಲ್ಲೇ ದೋಣಿ ಹಳಿಯ ಅಡಿಗೆ ಇಳಿಯುತ್ತಿರುತ್ತದೆ. ಫ್ಲಾರಿಡಾದಲ್ಲಿರುವ ಡಿಸ್ನಿಯ ಇನ್ನೊಂದು ಪಾರ್ಕಿನ ಇದೇ ಆಟದಲ್ಲಿ ಒಂದೇ ಧುಮುಕು.

ಪ್ರಶ್ನೆ: ಹಾಂಟೆಡ್ ಮ್ಯಾನ್ಷನ್ ಎಂಬ ದೆವ್ವದ ಮನೆಯ ಆಟದಲ್ಲಿ ಕೋಣೆಯೇ ಉದ್ದವಾಗುತ್ತದೆ, ಆಮೇಲೆ ಗಾಳಿಯಲ್ಲಿ ದೆವ್ವಗಳು ಕುಣಿಯುತ್ತವೆ. ಪರದೆಯ ಮೇಲೆ ತೋರಿಸುವ ಸಿನಿಮಾವೇ? (ಧಾರವಾಡದ ಓದುಗರು)

ಉತ್ತರ: ಸಿನಿಮಾ ಅಲ್ಲ. ಕೋಣೆಯ ಗುಟ್ಟು ಮೇಲೆ ಹೇಳಿದ ಏರಿಯದೇ. 1969ರಲ್ಲಿ ತೆರೆದ ಈ ಆಟದ ಮುಖ್ಯ ಕಟ್ಟಡವೂ ಏರಿಯ ಹೊರಗಿದೆ. ನೀವು ನಿಂತ ಕೋಣೆಯ ನೆಲ ಒಂದು ಲಿಫ್ಟು. ಅದು ಮೆಲ್ಲಗೆ ಕೆಳಗಿಳಿಯುತ್ತದೆ, ಚಾವಣಿ ಇದ್ದಲ್ಲೇ ಇರುತ್ತದೆ, ಹಾಗಾಗಿ ಗೋಡೆ ಹಿಗ್ಗಿದಂತೆ ಕಾಣುತ್ತದೆ. ಹೊರಬಂದ ಮೇಲೆ ಚಿತ್ರಗಳನ್ನು ನೋಡುತ್ತ ನಡೆಯುತ್ತೀರಲ್ಲ, ಆ ಓಣಿ ಇರುವುದು ಹಳಿಯ ಕೆಳಗೆ. ಫ್ಲಾರಿಡಾದಲ್ಲಿ ಹೀಗೆ ಕೆಳಗಿಳಿಸುವ ಅಗತ್ಯವಿರಲಿಲ್ಲ, ಅಲ್ಲಿ ಚಾವಣಿಯೇ ಮೇಲೇರುತ್ತದೆ.

ಕುಣಿಯುವ ದೆವ್ವಗಳದು 1860ರ ದಶಕದಲ್ಲಿ ಲಂಡನ್ನಿನ ವಿಜ್ಞಾನ ಉಪನ್ಯಾಸಕ ಜಾನ್ ಹೆನ್ರಿ ಪೆಪ್ಪರ್ ಜನಪ್ರಿಯಗೊಳಿಸಿದ ತಂತ್ರ. ರಾತ್ರಿ ಬಸ್ಸಿನಲ್ಲಿ ಒಳಗಿನ ದೀಪ ಹತ್ತಿದಾಗ ಕಿಟಕಿ ಗಾಜಿನಲ್ಲಿ ನಿಮ್ಮ ಮುಖ ಹೊರಗಿನ ಹೊಲದ ಮೇಲೆ ತೇಲುವುದನ್ನು ನೋಡಿರುತ್ತೀರಿ. ಇಲ್ಲೂ ಅಷ್ಟೇ. ನಿಮ್ಮ ಬಂಡಿಗೂ ಔತಣದ ಹಜಾರಕ್ಕೂ ನಡುವೆ ಭಾರೀ ಗಾಜಿನ ಹಾಳೆಗಳಿವೆ. ನಿಜವಾದ ಗೊಂಬೆಗಳು ನಿಮ್ಮ ಬಂಡಿಯ ಮೇಲೂ ಕೆಳಗೂ ಕಪ್ಪು ಬಳಿದ ಜಾಗದಲ್ಲಿ ತಿರುಗುತ್ತಿರುತ್ತವೆ. ಅವುಗಳ ಮೇಲೆ ಬೆಳಕು ಬಿದ್ದಾಗ ಗಾಜಿನಲ್ಲಿ ಪ್ರತಿಬಿಂಬ ಮೂಡುತ್ತದೆ, ಬೆಳಕು ಆರಿದರೆ ದೆವ್ವ ಮಾಯ. ಗೊಂಬೆಯ ಸುತ್ತಲಿನ ಜಾಗ ಕಪ್ಪಾಗಿರದಿದ್ದರೆ ಅದೂ ಪ್ರತಿಬಿಂಬವಾಗಿ ಕಂಡು ಆಟ ಕೆಡುತ್ತದೆ. ನಿಮ್ಮ ಫೋನಿನ ಫ್ಲ್ಯಾಶ್ ಗಾಜಿಗೆ ಹೊಡೆದರೂ ಅಷ್ಟೇ, ಸುತ್ತಲಿನವರ ನೋಟವೂ ಹಾಳು. ದಯವಿಟ್ಟು ಬೇಡ.

ಕುಣಿಯುವ ಜೋಡಿಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಆ ಬಗೆಯ ನೃತ್ಯದಲ್ಲಿ ಮುನ್ನಡೆಸುವವನು ಗಂಡಸು, ಇಲ್ಲಿ ಹೆಂಗಸರು ಮುನ್ನಡೆಸುತ್ತಿದ್ದಾರೆ. ಪ್ರತಿಬಿಂಬದಲ್ಲಿ ಎಡ ಬಲ ಅದಲುಬದಲಾಗಿದ್ದರ ಗುರುತು ಅದು. ಹಾಗೆಯೇ ನೀವು ಹೋದತ್ತ ಮುಖ ತಿರುಗಿಸುವ ಎರಡು ಪ್ರತಿಮೆಗಳಿವೆ. ಅವು ಉಬ್ಬಿದ ಮುಖಗಳಲ್ಲ, ಅಚ್ಚಿನ ಒಳಬದಿಯಂತೆ ತಗ್ಗಾದವು. ತಗ್ಗಿದ ಮುಖವನ್ನು ಮಿದುಳು ಉಬ್ಬಿದ್ದೆಂದೇ ಓದಿಕೊಳ್ಳುವುದರಿಂದ ಅದು ತಿರುಗಿದಂತೆ ಕಾಣುತ್ತದೆ.

ಪ್ರಶ್ನೆ: ಫೋಟೊದಲ್ಲಿ ಅಷ್ಟೆತ್ತರ ಕಾಣುವ ಅರಮನೆ ಹತ್ತಿರ ಹೋದರೆ ಚಿಕ್ಕದಂತೆ. ನಿಜವೇ? (ಮೈಸೂರಿನ ಓದುಗರು)

ಉತ್ತರ: ನಿಜ. ಸ್ಲೀಪಿಂಗ್ ಬ್ಯೂಟಿ ಅರಮನೆಯ ಎತ್ತರ 77 ಅಡಿ ಮಾತ್ರ. ಬುಡದಲ್ಲಿ ಕಲ್ಲುಗಳು ದೊಡ್ಡವು, ಮೇಲೆ ಹೋದಂತೆ ಸಣ್ಣವು. ಕಣ್ಣು ಅದನ್ನು ದೂರವೆಂದು ಲೆಕ್ಕ ಹಾಕುತ್ತದೆ. ಅಂತಸ್ತು ಮೇಲೇರಿದಂತೆ ಕಿರಿದಾಗುವ ನಮ್ಮ ಗೋಪುರಗಳನ್ನು ನೋಡಿದವರಿಗೆ ಇದು ಹೊಸದೇನಲ್ಲ. ಪಾರ್ಕಿನೊಳಗೆ ಕಟ್ಟಿದ 147 ಅಡಿಯ ಮ್ಯಾಟರ್‌ಹಾರ್ನ್ ಬೆಟ್ಟದಲ್ಲಿ ಮೇಲಿನ ಮರಗಳನ್ನು ಚಿಕ್ಕದಾಗಿ ಇಟ್ಟಿರುವುದೂ ಇದೇ ಕಾರಣಕ್ಕೆ. ಆ ಬೆಟ್ಟದ ಹೊಟ್ಟೆಯೊಳಗೆ ಕೆಲಸಗಾರರಿಗೆಂದು ಬ್ಯಾಸ್ಕೆಟ್‌ಬಾಲ್ ಬುಟ್ಟಿಯೊಂದಿದೆ. ಅರಮನೆಯ ಫೋಟೊ ಬೇಕಿದ್ದರೆ, ಪಾರ್ಕಿನ ಬಾಗಿಲಿನಿಂದ ಅರಮನೆಯತ್ತ ಹೋಗುವ ಮೇನ್ ಸ್ಟ್ರೀಟ್ ಬೀದಿಯ ಬಾಗಿಲ ಕಡೆಯ ತುದಿಯಿಂದಲೇ ತೆಗೆಯಿರಿ. ಅರಮನೆ ಮುಂದಿನ ಸೇತುವೆಯ ಮೇಲೆ ನಿಂತು ತೆಗೆದರೆ ಪಕ್ಕದಲ್ಲಿ ನಿಂತ ಮನುಷ್ಯನೇ ಅಳತೆಗೋಲಾಗಿ ಗುಟ್ಟು ಬಯಲಾಗುತ್ತದೆ.

ಪ್ರಶ್ನೆ: ಪಾರ್ಕಿನ ಅಡಿಯಲ್ಲಿ ಸುರಂಗಗಳ ಊರೇ ಇದೆಯಂತೆ? (ಬೆಳಗಾವಿಯ ಓದುಗರು)

ಉತ್ತರ: ನೀವು ಕೇಳಿದ ಸುರಂಗದೂರು ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನದು. ಅದು 1971ರಲ್ಲಿ ತೆರೆಯಿತು. ಅಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತದೆ. ಹಾಗಾಗಿ ಓಣಿಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಪಕ್ಕದ ಸರೋವರ ತೋಡಿದ ಮಣ್ಣನ್ನು ಸುತ್ತ ತುಂಬಿಸಿ, ಮೇಲೆ ಪಾರ್ಕು ಮಾಡಿದರು. ಅಲ್ಲಿ ನಾವು ಓಡಾಡುವುದು ಎರಡನೆಯ ಅಂತಸ್ತಿನಲ್ಲಿ. ಕಸವನ್ನೂ ಕೊಳವೆಗಳಲ್ಲಿ ಗಾಳಿಯೇ ಎಳೆದೊಯ್ಯುತ್ತದೆ.

ಪ್ರಶ್ನೆ: ವಯಸ್ಸಾದ ಅಪ್ಪ ಅಮ್ಮ, ಮೂರು ವರ್ಷದ ಮಗುವಿನೊಂದಿಗೆ ಅನಾಹೈಮ್‌ಗೆ ಹೋಗುತ್ತಿದ್ದೇವೆ. ಸುಲಭಕ್ಕೆ ಗೊತ್ತಾಗದ ಸಂಗತಿಗಳನ್ನು ತಿಳಿಸಿ. (ಫ್ರೀಮಾಂಟ್‌ನ ಓದುಗರು)

ಉತ್ತರ: ಮನೆಯೂಟ ಒಯ್ಯಬಹುದು. ಚಪಾತಿ, ಚಟ್ನಿಪುಡಿ, ಮೊಸರನ್ನ ಎಲ್ಲವೂ ಸರಿ, ಬಿಸಿ ಮಾಡಬೇಕಾದ ಅಡುಗೆ ಬೇಡ. ಉಪ್ಪಿನಕಾಯಿಯನ್ನು ಗಾಜಿನ ಸೀಸೆಯಲ್ಲಿ ಒಯ್ದರೆ ಬಾಗಿಲಲ್ಲೇ ತಡೆಯುತ್ತಾರೆ. ಮೊಸರು ತಂಪಾಗಿರಲು ಬಿಡಿ ಐಸ್ ಹಾಕಬೇಡಿ, ಮತ್ತೆ ಮತ್ತೆ ಬಳಸುವ ಐಸ್ ಪ್ಯಾಕ್ ಇಡಿ. ಮಗುವಿನ ಗಾಡಿ 31 ಇಂಚು ಅಗಲ, 52 ಇಂಚು ಉದ್ದ ಮೀರಬಾರದು. ಎಳೆಯುವ ವ್ಯಾಗನ್ನಿಗೆ ಪ್ರವೇಶವಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಹಿಂದಿನ ದಿನ ಪಾರ್ಕಿನ ಜಾಲತಾಣ ನೋಡಿ. ಎತ್ತರ ಸಾಲದೆ ಮಗು ಹತ್ತಲಾಗದ ಆಟಗಳಲ್ಲಿ ‘ರೈಡರ್ ಸ್ವಿಚ್’ ಕೇಳಿ. ಒಬ್ಬರು ಮಗುವಿನ ಜತೆ ನಿಂತು, ಇನ್ನೊಬ್ಬರು ಆಡಿ ಬಂದ ಮೇಲೆ ಪೂರ್ತಿ ಸಾಲು ನಿಲ್ಲದೆ ಒಳಹೋಗಬಹುದು.

ಅಪ್ಪ ಅಮ್ಮನಿಗೆ ನಡೆದು ದಣಿವಾದಾಗ ರೈಲು ಹತ್ತಿಸಿ, ಕೂತಲ್ಲೇ ಇಡೀ ಪಾರ್ಕಿನ ಸುತ್ತು ಆಗುತ್ತದೆ. ನ್ಯೂ ಆರ್ಲಿಯನ್ಸ್ ಸ್ಕ್ವೇರ್ ನಿಲ್ದಾಣದಲ್ಲಿ ಕಟಕಟ ಎನ್ನುವ ಟೆಲಿಗ್ರಾಫ್ ತಂತಿಯ ಸದ್ದಿಗೆ ಕಿವಿಗೊಡಿ. 1955ರ ಉದ್ಘಾಟನೆಯಂದು ಪಾರ್ಕು ಕಟ್ಟಿಸಿದ ವಾಲ್ಟ್ ಡಿಸ್ನಿ ಆಡಿದ ಸ್ವಾಗತದ ಮೊದಲ ಸಾಲುಗಳು ಅವು. ಅಮೆರಿಕದ ಹಳೆಯ ತಂತಿ ಕಂಪನಿಗಳ ಸಂಕೇತ ಅದಾದ್ದರಿಂದ, ಇಂದಿನ ಮೋರ್ಸ್ ಸಂಕೇತ ಬಲ್ಲ ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೂ ಕೇಳಿದ ತಕ್ಷಣ ಅರ್ಥವಾಗುವುದಿಲ್ಲ. ಹೊರಡುವಾಗ ಮೇನ್ ಸ್ಟ್ರೀಟ್‌ನ ಅಗ್ನಿಶಾಮಕ ಠಾಣೆಯ ಮಹಡಿಯ ಕಿಟಕಿ ನೋಡಿ. ವಾಲ್ಟ್ ಉಳಿದುಕೊಳ್ಳುತ್ತಿದ್ದ ಪುಟ್ಟ ಮನೆ ಅದು, ಅವರ ನೆನಪಿಗೆ ಅಲ್ಲೊಂದು ದೀಪ ಉರಿಯುತ್ತಿರುತ್ತದೆ.